ಟುಂಯ್ ಅಂದ್ರೆ ಏನು ಸ್ವಾಮಿ?

ಕನ್ನಡಕದ ಅಂಗಡಿಯ ಯಜಮಾನ ನಕ್ಕರೆ ಗೋಡೆಯ ಮೇಲಿನ ಫ್ರೇಮುಗಳೆಲ್ಲ ಸಣ್ಣಗೆ ಅದುರುತ್ತಿದ್ದವು. ಆ ನಗುವಿಗೆ ಬೆಳಗಿನ ಹೊತ್ತು ನಿಗದಿಯಾಗಿತ್ತು. ಶಟರ್ ಎತ್ತಿ, ದೀಪ ಹಾಕಿ, ಕೌಂಟರಿನ ಗಾಜು ಒರೆಸುವುದಕ್ಕೂ ಮೊದಲೇ ಅವನು ರೇಡಿಯೊದ ಕಿವಿ ಹಿಂಡುತ್ತಿದ್ದ. 'ಮುಂಜಾವಿನ ಮಜಾ' ಶುರುವಾಗುತ್ತಿತ್ತು. ಅದರ ನಿರೂಪಕ ಸ್ವಲ್ಪ ಹೊತ್ತು ಹವಾಮಾನ, ಟ್ರಾಫಿಕ್ಕು ಎಂದು ಮನುಷ್ಯರಂತೆ ಮಾತಾಡಿ, ಆಮೇಲೆ ಗಂಟಲು ಹಿಂಡಿಕೊಂಡು ಇದ್ದಿಲಮ್ಮನಾಗುತ್ತಿದ್ದ.

ಇದ್ದಿಲಮ್ಮ ಮನೆಗೆಲಸದವಳು. ಲಿಫ್ಟಿನ ಬಾಗಿಲು ತೆರೆದರೆ ಇದು ಯಾರ ಮನೆ ಎಂದು ಚಪ್ಪಲಿ ಬಿಟ್ಟು ಒಳಗೆ ಹೋಗುವವಳು. ಫ್ರಿಜ್ಜಿನೊಳಗಿನ ದೀಪ ಆರಿಸಲು ಊದುವವಳು. ಪ್ರತಿ ಮಾತಿನ ಬಾಲಕ್ಕೂ 'ಹೌದಲ್ಲಾ' ಎಂದು ರಾಗ ಎಳೆಯುವವಳು. ಕೇಳುಗರು ಫೋನು ಮಾಡಿ ಅವಳನ್ನು ಛೇಡಿಸಬಹುದು. ಇಡೀ ಊರು ಕೆಲಸಕ್ಕೆ ಹೋಗುವ ಮೊದಲು ಒಂದು ಸುತ್ತು ಅವಳನ್ನು ನೋಡಿ ನಕ್ಕು ಹಗುರಾಗುತ್ತಿತ್ತು.

ಮಾತನ್ನು ಹಾಗೆ ಎಳೆಯುವವರು ನದಿಯ ಆಚೆ ದಡದಿಂದ ಬಂದವರು. ಈಚೆ ದಡದವರಿಗಿಂತ ಅವರ ಮೈಬಣ್ಣ ಗಾಢ. ಅಷ್ಟಕ್ಕೇ ಊರು ಅವರಿಗೆ ಇದ್ದಿಲು ಎಂದು ಹೆಸರಿಟ್ಟಿತ್ತು. ಮುಖಕ್ಕೆ ಮುಖ ಕೊಟ್ಟು ಯಾರೂ ಹಾಗೆ ಕರೆಯುತ್ತಿರಲಿಲ್ಲ, ಊರು ಅಷ್ಟೊಂದು ಕೆಟ್ಟದ್ದಲ್ಲ. ಬಸ್ಸಿನ ಹಿಂದಿನ ಸೀಟಿನಿಂದ, ಆಸ್ಪತ್ರೆಯ ಕಾರಿಡಾರಿನ ತಿರುವಿನಿಂದ, ಅರ್ಧ ಮುಚ್ಚಿದ ಬಾಗಿಲ ಹಿಂದಿನಿಂದ ಆ ಮಾತು ಬರುತ್ತಿತ್ತು. ತಿರುಗಿ ನೋಡಿದರೆ ಎಲ್ಲರೂ ಕಿಟಕಿಯಾಚೆ ನೋಡುತ್ತಿರುತ್ತಿದ್ದರು.

ಅಂಗಡಿಯ ಹಿಂದಿನ ಬೆಂಚಿನಲ್ಲಿ ಮಸೂರದ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವವಳು ಆಚೆ ದಡದವಳು. ಯಜಮಾನ ಅವಳನ್ನು ಕರೆಯುತ್ತಿದ್ದದ್ದು 'ಫಿಟಿಂಗ್' ಎಂದು. ಪದವಿ ಮುಗಿಸಿ, ಕಣ್ಣಿನ ಕೆಲಸದ ತರಬೇತಿ ಪಡೆದು ಇಲ್ಲಿಗೆ ಬಂದಿದ್ದಳು. ಬಂದ ಮೊದಲ ವಾರದಲ್ಲೇ ತನ್ನ ಮಾತಿನ ಬಾಲಗಳನ್ನೆಲ್ಲ ಕತ್ತರಿಸಿಕೊಂಡಿದ್ದಳು. ಅಂಗಡಿಯಲ್ಲಿ ಅಮ್ಮ ಎನ್ನುತ್ತಿದ್ದಳು, ಮನೆಯಲ್ಲಿ ಅವ್ವ ಎನ್ನುತ್ತಿದ್ದಳು. ಕನ್ನಡಕದ ಅಳತೆ ತೆಗೆಯಲು ಜನರ ಮುಖದ ತೀರ ಹತ್ತಿರ ಹೋಗಬೇಕಾಗುತ್ತದೆ. ಎಂಥ ವಾಚಾಳಿಯೂ ಆಗ ಉಸಿರು ಬಿಗಿಹಿಡಿದು ಸುಮ್ಮನಾಗುತ್ತಾನೆ. ಆ ಒಂದು ಗಳಿಗೆಯ ಮೌನ ಅವಳಿಗೆ ಇಷ್ಟ. ಅದರಲ್ಲಿ ಯಾರೂ ಯಾರಿಗೂ ಏನೂ ಅಲ್ಲ.

"ನೀನು ಹಂಗೆ ಕಾಣೋದೇ ಇಲ್ಲ ಬಿಡಮ್ಮ, ನಾನು ಎಲ್ಲರ ಹತ್ರಾನೂ ಹೇಳ್ತಿರ್ತೀನಿ," ಎಂದು ಯಜಮಾನ ಆಗಾಗ ಬೆನ್ನು ತಟ್ಟುತ್ತಿದ್ದ. ಅವಳು ಮುಂದಿನ ಮಸೂರ ಎತ್ತಿಕೊಳ್ಳುತ್ತಿದ್ದಳು.

ಆ ಸೋಮವಾರ ಯಜಮಾನ ಒಂದು ಹಾಳೆ ಹಿಡಿದು ಬೆಂಚಿನ ಬಳಿ ಬಂದ. ಮುಖ ಅರಳಿತ್ತು.

"ಫಿಟಿಂಗ್, ನಮ್ಮಂಗಡಿ ಜಾಹೀರಾತು ರೇಡಿಯೊದಲ್ಲಿ ಬರುತ್ತೆ! ಮುಂಜಾವಿನ ಮಜಾದಲ್ಲೇ. ಇದ್ದಿಲಮ್ಮ ಕನ್ನಡಕ ತಗೊಳ್ಳೋಕೆ ನಮ್ಮಂಗಡಿಗೆ ಬರ್ತಾಳೆ. ತಲೆಕೆಳಗಾಗಿ ಹಾಕ್ಕೊಂಡು ನನ್ನನ್ನ ನೋಡಿ ಎಮ್ಮೆ ಅಂತಾಳೆ. ಹೆಂಗಿದೆ?"

"ಚೆನ್ನಾಗಿದೆ," ಎಂದಳು. ಕೊನೆಯ ಭಾಗವಾದರೂ ಚೆನ್ನಾಗಿಯೇ ಇತ್ತು.

"ಆ ನಿರೂಪಕ ಗಂಡಸು, ಎಷ್ಟಾದ್ರೂ ಗಂಡಸಿನ ದನಿ. ಜಾಹೀರಾತಿಗೆ ಅಸಲಿ ಹೆಂಗಸಿನ ದನಿ ಬೇಕಂತೆ. ನಾನಂದೆ, ನಮ್ಮಲ್ಲೇ ಇದಾಳೆ ಬಿಡ್ರಿ ಅಂತ." ಅವನು ಹಾಳೆಯನ್ನು ಅವಳ ಮುಂದಿಟ್ಟ. "ನಿಮ್ಮಮ್ಮ ಮಧ್ಯಾಹ್ನ ಊಟ ತಂದಾಗ ಮಾತಾಡ್ತಾರಲ್ಲ, ಥೇಟ್ ಹಂಗೇ ಓದಿಬಿಡು. ಶನಿವಾರ ರೆಕಾರ್ಡಿಂಗು."

ಅವಳು ಸುಮ್ಮನಿದ್ದಳು. ಯಜಮಾನ ಆ ಸುಮ್ಮನಿರುವಿಕೆಯನ್ನು ಎತ್ತಿಕೊಂಡು, ಒಪ್ಪಿಗೆ ಎಂದು ಜೇಬಿಗಿಳಿಸಿ, ಮುಂದಿನ ಗಿರಾಕಿಯ ಕಡೆ ಹೋದ.

ಅವ್ವ ಆಸ್ಪತ್ರೆಯಲ್ಲಿ ನೆಲ ಒರೆಸಿ ಮಗಳನ್ನು ಓದಿಸಿದವಳು. ಈಗ ಕೆಲಸದಿಂದ ನಿವೃತ್ತಿಯಾಗಿ, ಬೆಳಗಾದರೆ ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿಕೊಂಡು ಕೂರುತ್ತಾಳೆ. ಶನಿವಾರ ಕಳೆದು ಸೋಮವಾರ ಬೆಳಿಗ್ಗೆ ಆ ರೇಡಿಯೊದಲ್ಲಿ ಅವ್ವನ ರಾಗ ಬರುತ್ತದೆ, ಅವ್ವನ ಮಗಳ ಗಂಟಲಿನಿಂದ. ಊರು ನಗುತ್ತದೆ. ಅವಳು ಅಂಚು ಉಜ್ಜುವ ಯಂತ್ರ ಹಾಕಿದಳು. ಅದರ ಸದ್ದಿಗೆ ತಲೆಯೊಳಗಿನದೇನೂ ಕೇಳಿಸುವುದಿಲ್ಲ.

ಮರುದಿನ ಸಮಾಜಶಾಸ್ತ್ರದ ಉಪನ್ಯಾಸಕಿ ಬಂದರು. ಅವರ ಕನ್ನಡಕ ಯಾವಾಗಲೂ ಮೂಗಿನ ತುದಿಗೆ ಜಾರುತ್ತಿತ್ತು. ಪ್ರಪಂಚವನ್ನು ನೋಡಿ ಅಷ್ಟು ಸಲ ತಲೆಯಾಡಿಸಿದರೆ ಯಾರ ಕನ್ನಡಕವೂ ನಿಲ್ಲುವುದಿಲ್ಲ. ಅವಳು ಕನ್ನಡಕದ ಕಾಲಿಗೆ ಬಿಸಿ ಮುಟ್ಟಿಸಿ ಬಗ್ಗಿಸುತ್ತಿರುವಾಗ ರೇಡಿಯೊದಲ್ಲಿ ಇದ್ದಿಲಮ್ಮ 'ಹೌದಲ್ಲಾ' ಎಂದಳು. ಉಪನ್ಯಾಸಕಿ ಕಣ್ಣು ಮುಚ್ಚಿಕೊಂಡರು.

"ಕೇಳಿದ್ರಾ? ಎಂಥ ಹಿಂಸೆ!" ಎಂದು ಪಿಸುಗುಟ್ಟಿದರು. "ನಿಮಗೂ ಹಿಂಸೆ ಆಯ್ತಲ್ವಾ? ಮುಖದಲ್ಲೇ ಗೊತ್ತಾಗುತ್ತೆ. ನಮ್ಮದೊಂದು ಗುಂಪಿದೆ ಆನ್‌ಲೈನಲ್ಲಿ, ನುಡಿ ಕಾವಲು ಅಂತ. ಪತ್ರಿಕೆ, ಟಿವಿ, ರೇಡಿಯೊ, ಎಲ್ಲಿ ಯಾರಿಗೆ ಹೀನಾಯ ಮಾಡಿದ್ರೂ ನಾವು ಬಿಡಲ್ಲ. ನಿಮ್ಮ ನಂಬರ್ ಕೊಡಿ. ಸೂಕ್ಷ್ಮ ಮನಸ್ಸಿನವರು ಬೇಕು ನಮಗೆ."

ಅವಳು ಕೊಟ್ಟಳು. ತನ್ನ ಹೊಟ್ಟೆಯೊಳಗಿನ ಮಾತನ್ನು ಹೊರಗೆ ಹೇಳುವ ಜನ ಈ ಊರಲ್ಲೂ ಇದ್ದಾರೆ.

ಗುಂಪಿನಲ್ಲಿ ಮುನ್ನೂರು ಚಿಲ್ಲರೆ ಜನರಿದ್ದರು. ಎಲ್ಲರೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಊರಿನ ಬಾಯಿ ಕಾಯುತ್ತಿದ್ದರು. ಒಂದೇ ಒಂದು ಕಟ್ಟುನಿಟ್ಟಿನ ನಿಯಮ: ಹೀನ ಪದವನ್ನು ಯಾರೂ ಬರೆಯುವಂತಿಲ್ಲ, ಅದನ್ನು ಖಂಡಿಸಲಿಕ್ಕೂ ಬರೆಯುವಂತಿಲ್ಲ. ಬರೆದರೆ ಆ ಪದಕ್ಕೆ ಇನ್ನೊಂದು ಜನ್ಮ ಕೊಟ್ಟ ಹಾಗೆ. ಅದರ ಬದಲು ನಕ್ಷತ್ರ ಹಾಕಬೇಕು. ಎಷ್ಟು ನಕ್ಷತ್ರ ಎಂಬ ಬಗ್ಗೆ ಹೋದ ತಿಂಗಳೆಲ್ಲ ಚರ್ಚೆ ನಡೆದಿತ್ತು. ಮೂರು ಹಾಕಿದರೆ ಮೂರಕ್ಷರದ ಪದ ಎಂಬ ಸುಳಿವು ಸಿಕ್ಕು, ಓದುವವರ ಮನಸ್ಸಿನಲ್ಲಿ ಅದು ಮೂಡಿ, ಅವರಿಗೆ ನೋವಾಗುತ್ತದೆ ಎಂದು ಒಂದು ಪಕ್ಷ. ನಾಲ್ಕು ಹಾಕಿದರೆ ಸುಳ್ಳಾಗುತ್ತದೆ ಎಂದು ಇನ್ನೊಂದು ಪಕ್ಷ. ನಾಲ್ಕರ ಪಕ್ಷದವರು ಸಿಟ್ಟಿಗೆದ್ದು ಬೇರೆ ಗುಂಪು ಕಟ್ಟಿಕೊಂಡಿದ್ದರು.

ನಿಯಮ ಮುರಿದವರನ್ನು ಹೊರಗೆ ಹಾಕಲು ಒಂದು ಯಂತ್ರವನ್ನೇ ಕೂರಿಸಿದ್ದರು. ಯಂತ್ರಕ್ಕೆ ದಾಕ್ಷಿಣ್ಯವಿರಲಿಲ್ಲ. ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ರಜೆಯ ದಿನ ಮೊಮ್ಮಕ್ಕಳಿಗೆ ಜೋಳ ಸುಡಬೇಕು, ಒಳ್ಳೆಯ ಇದ್ದಿಲು ಎಲ್ಲಿ ಸಿಗುತ್ತದೆ ಎಂದು ಕೇಳಿ, ಕಣ್ಣು ಮಿಟುಕಿಸುವುದರೊಳಗೆ ಗುಂಪಿನ ಹೊರಗೆ ಬಿದ್ದಿದ್ದರು. ಪಾಪ, ಅವರು ಅಷ್ಟಕ್ಕೆ ತಲೆ ಚಚ್ಚಿಕೊಂಡು, ಉದ್ದನೆಯ ಕ್ಷಮಾಪಣೆ ಬರೆದು ಒಳಗೆ ಬಂದಿದ್ದರು. ಬಂದ ಮೇಲೆ ಗುಂಪಿನಲ್ಲೇ ಅತ್ಯಂತ ಖಡಕ್ ಮನುಷ್ಯರಾಗಿದ್ದರು. ಅವರಿಗೆ ಎಲ್ಲರೂ ಒಳಗೊಳಗೇ ಇಟ್ಟ ಹೆಸರು ಜೋಳದಪ್ಪ.

ಫಿಟಿಂಗ್‌ಗೆ ಇದೊಂದೂ ಗೊತ್ತಿರಲಿಲ್ಲ. ಅವತ್ತೇ ಊಟದ ಬಿಡುವಿನಲ್ಲಿ ಜಾಹೀರಾತಿನ ಹಾಳೆಯನ್ನು ಇದ್ದದ್ದು ಇದ್ದ ಹಾಗೆ ಟೈಪು ಮಾಡಿ ಗುಂಪಿಗೆ ಹಾಕಿದಳು. ಕೆಳಗೆ ಬರೆದಳು: ಇದನ್ನು ನನ್ನಿಂದ ಓದಿಸುತ್ತಾರಂತೆ, ಏನು ಮಾಡಲಿ?

ಯಂತ್ರ ಉತ್ತರಿಸಿತು. ನಿಮ್ಮನ್ನು ಗುಂಪಿನಿಂದ ತೆಗೆಯಲಾಗಿದೆ.

ಜೀವಮಾನದಲ್ಲಿ ಅವಳು ಆ ಮಾತನ್ನು ತಾನಾಗಿ ಬಳಸಿದ್ದು ಅದೇ ಮೊದಲು. ನೂರು ಸಲ ಕೇಳಿಸಿಕೊಂಡದ್ದಕ್ಕೆ ಯಾರನ್ನೂ ಎಲ್ಲಿಂದಲೂ ತೆಗೆದಿರಲಿಲ್ಲ.

ಉಪನ್ಯಾಸಕಿ ಸಂಜೆ ಫೋನು ಮಾಡಿದರು. ಬಹಳ ಮೃದುವಾಗಿ ಮಾತಾಡಿದರು. "ನಿಮ್ಮ ಉದ್ದೇಶ ಒಳ್ಳೇದೇ ಕಣ್ರೀ. ಆದ್ರೆ ಆ ಪದ ನೋಡಿ ಆ ಸಮುದಾಯದವರು ಯಾರಾದ್ರೂ ನೊಂದ್ಕೊಂಡಿದ್ರೆ?"

"ಗುಂಪಲ್ಲಿ ಆ ಸಮುದಾಯದವರು ಇದಾರಾ?"

"ಅದೇ ದೊಡ್ಡ ಕೊರಗು ನೋಡಿ. ಎಷ್ಟು ಕರೆದ್ರೂ ಒಬ್ರೂ ಬರ್ತಿಲ್ಲ. ಅಕಸ್ಮಾತ್ ಬಂದ್ರೆ ಅಂತ." ಆಮೇಲೆ ಹೇಳಿದರು, "ಇವತ್ತು ರಾತ್ರೀನೇ ಒಂದು ಅರಿವಿನ ತರಗತಿ ಇದೆ. ಅದನ್ನ ಮುಗಿಸಿದ್ರೆ ವಾಪಸ್ ಸೇರಿಸ್ಕೋತೀವಿ."

ತರಗತಿ ನಡೆಸುತ್ತಿದ್ದವರು ಜೋಳದಪ್ಪ. ಫೋನಿನ ಪರದೆಯಲ್ಲಿ ಅವರ ಹಣೆ ಮಾತ್ರ ಕಾಣುತ್ತಿತ್ತು. ಅವಳು ತನ್ನ ಕ್ಯಾಮೆರಾ ಆರಿಸಿ, ಮಂಚದ ತುದಿಯಲ್ಲಿ ಕೂತಿದ್ದಳು. ಪಕ್ಕದ ಅಡುಗೆಮನೆಯಲ್ಲಿ ಅವ್ವ ಪಾತ್ರೆ ತೊಳೆಯುವ ಸದ್ದು.

"ಮೊದಲು ಕಣ್ಣು ಮುಚ್ಚಿ. ನೀವು ಆಚೆ ದಡದ ಒಬ್ಬ ಹೆಂಗಸು ಅಂತ ಕಲ್ಪಿಸ್ಕೊಳ್ಳಿ."

ಅವಳು ಕಣ್ಣು ಮುಚ್ಚಿದಳು. ಕಲ್ಪಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಏನನ್ಸುತ್ತೆ?"

"ಏನೂ ಇಲ್ಲ. ಮಾಮೂಲು."

"ನೋಡಿದ್ರಾ! ಇದೇ ಸಮಸ್ಯೆ. ನಮ್ಮಂಥವರಿಗೆ ಅವರ ನೋವು ನಾಟೋದೇ ಇಲ್ಲ." ಹಣೆ ಬೇಸರದಿಂದ ಸುಕ್ಕಾಯಿತು. "ಇರಲಿ. ಆ ಜನರಲ್ಲಿ ಯಾರದಾದ್ರೂ ಪರಿಚಯ ಇದೆಯಾ ನಿಮಗೆ?"

"ಇದೆ."

"ಹತ್ತಿರದ ಪರಿಚಯವಾ?"

"ಒಂದೇ ಮನೇಲಿರ್ತೀವಿ."

"ಓಹೋ, ಕೆಲಸಕ್ಕೆ ಇಟ್ಕೊಂಡಿದೀರಾ? ಸಂತೋಷ. ಬರೀ ಸಂಬಳ ಸಾಲದು, ಗೌರವಾನೂ ಕೊಡಬೇಕು. ಆಗಾಗ ಕೂರಿಸಿ ಮಾತಾಡಿಸಿ."

ಇಲ್ಲ ಸಾರ್, ನಾನೇ ಅವರು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಮೇಲೆ ಏನಾಗುತ್ತದೆಂದು ಅವಳಿಗೆ ಕಾಣುತ್ತಿತ್ತು. ಕ್ಷಮೆಗಳ ಸುರಿಮಳೆ. ಕೈಮುಗಿದ ಚಿತ್ರಗಳು. ನಾಳೆಯಿಂದ ಗುಂಪಿನಲ್ಲಿ ಅವಳೇ ಆ ಸಮುದಾಯದ ದನಿ, ಎಲ್ಲದಕ್ಕೂ ಅವಳೇ ನೊಂದುಕೊಳ್ಳಬೇಕು. "ಮಾತಾಡಿಸ್ತೀನಿ," ಎಂದಳು.

ಪಾಸಾಗಿದ್ದೀರಿ ಎಂದು ಯಂತ್ರ ಅವಳನ್ನು ಒಳಗೆ ಬಿಟ್ಟಿತು.

ಈ ಸಲ ಅವಳು ನಕ್ಷತ್ರ ಹಾಕಿಯೇ ಬರೆದಳು. ಗುಂಪು ಜೇನುಗೂಡಿಗೆ ಕಲ್ಲು ಬಿದ್ದಂತೆ ಎದ್ದಿತು. ಬುಧವಾರ ಬೆಳಗಾಗುವುದರೊಳಗೆ ಅಂಗಡಿಯ ಆನ್‌ಲೈನ್ ಪುಟದ ತುಂಬ ಖಂಡನೆಗಳು. ಯಜಮಾನ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಪಕ್ಕದ ಚಪ್ಪಲಿ ಅಂಗಡಿಯವನನ್ನು ಕರೆದ.

"ಏನೋ ಇದು? 'ನಿಮ್ಮ ಜಾಹೀರಾತಿನಲ್ಲಿ ನಕ್ಷತ್ರ ನಕ್ಷತ್ರ ನಕ್ಷತ್ರ ಎಂಬ ಪದ ಬಳಸಿ ಮನುಕುಲಕ್ಕೆ ಅವಮಾನ ಮಾಡಿದ್ದೀರಿ.' ಜಾಹೀರಾತು ಇನ್ನೂ ಬಂದೇ ಇಲ್ಲ, ರೇಡಿಯೊದವರೇ ಊದಿರ್ಬೇಕು. ಅಂಗಡಿಗೆ ಕೊಟ್ಟಿರೋದು ಒಂದೇ ನಕ್ಷತ್ರ, ಮಾತಿನ ಮಧ್ಯೆ ಮೂರು ಸುರಿದಿದಾರೆ!"

"ಮೂರಕ್ಷರ ಇರಬೇಕು," ಎಂದ ಚಪ್ಪಲಿಯವನು, ಗಲ್ಲ ಕೆರೆದುಕೊಂಡು. "ಕುರುಡ?"

"ಕನ್ನಡಕದಂಗಡೀಲಿ ನಾನ್ಯಾಕೆ ಗಿರಾಕೀನ ಕುರುಡ ಅನ್ನಲಿ?"

"ಹಾಗಾದ್ರೆ ದುಬಾರಿ."

"ಲೇ!"

"ಮನುಕುಲಕ್ಕೆ ಅವಮಾನ ಅಂದಿದಾರೆ, ನಿನ್ನ ರೇಟು ನೋಡಿದ್ರೆ ಅದೇ ಸರಿ ಹೋಗುತ್ತೆ."

ಎಮ್ಮೆ ಎಂದದ್ದಕ್ಕೆ ಪ್ರಾಣಿದಯೆಯವರು ಸಿಟ್ಟಾಗಿರಬಹುದೇ ಎಂದೂ ಯೋಚಿಸಿದರು. ಅದು ಎರಡಕ್ಷರಕ್ಕೇ ಮುಗಿಯಿತು. ಇಬ್ಬರೂ ಊರಿನ ಬೈಗುಳಗಳನ್ನೆಲ್ಲ ಜಾಲಾಡಿದರು. ಕೈಗೇ ಸಿಗುವಂತಿದ್ದ ಆ ಒಂದು ಮಾತು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಅದು ಬೈಗುಳವೆಂದು ಅವರಿಗೆ ಯಾವತ್ತೂ ಅನ್ನಿಸಿದ್ದಿಲ್ಲ.

"ಫಿಟಿಂಗ್, ನೀನು ಓದಿದವಳು. ಏನಿರಬಹುದು ಹೇಳು."

ಅವಳು ಯಂತ್ರ ನಿಲ್ಲಿಸಿದಳು. "ಇದ್ದಿಲು," ಎಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದಾ!" ಎಂದು ಯಜಮಾನ ಎದೆಯ ಮೇಲೆ ಕೈಯಿಟ್ಟುಕೊಂಡ. "ನಾನೇನೋ ಅಂತ ಹೆದರಿದ್ದೆ. ಅದರಲ್ಲೇನಿದೆ? ಅದು ಪಾತ್ರದ ಹೆಸರು. ಪ್ರೀತಿಯಿಂದ ಅನ್ನೋದು." ಹಾಗೆಂದವನು ಏನೋ ನೆನಪಾಗಿ ದನಿ ತಗ್ಗಿಸಿದ. "ನಿಂಗೇನಾದ್ರೂ ಬೇಜಾರಿದೆಯೇನಮ್ಮ?"

ಕೇಳಿದ್ದು ನಿಜವಾಗಿಯೂ ಕಾಳಜಿಯಿಂದ. ಅದಕ್ಕೇ ಉತ್ತರ ಕಷ್ಟವಾಯಿತು. ಇಷ್ಟು ವರ್ಷದ್ದನ್ನೆಲ್ಲ ಎಲ್ಲಿಂದ ಶುರು ಮಾಡುವುದೆಂದು ಅವಳು ಹುಡುಕುತ್ತಿರುವಾಗಲೇ ಅವನಿಗೆ ಉತ್ತರ ಸಿಕ್ಕಿಬಿಟ್ಟಿತು.

"ನೋಡು, ಇವಳಿಗೇ ಇಲ್ಲದ ಹೊಟ್ಟೆನೋವು ಇವರಿಗ್ಯಾಕೆ?" ಎಂದು ಚಪ್ಪಲಿಯವನಿಗೆ ಹೇಳಿದ.

ಆದರೂ ರೇಡಿಯೊದವರಿಗೆ ಫೋನು ಮಾಡಿದ. ಅವರ ಕಡೆಗೂ ನಕ್ಷತ್ರಗಳ ಮಳೆ ಸುರಿದಿತ್ತು. ರೇಡಿಯೊದವರು ಜಾಣರು. ಗುರುವಾರ ಬೆಳಿಗ್ಗೆ ನಿರೂಪಕ ದನಿ ಗಂಭೀರ ಮಾಡಿಕೊಂಡು, ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ನಮಗಿರಲಿಲ್ಲ, ಇಂದಿನಿಂದ ಆ ಪದ ನಮ್ಮ ವಾಹಿನಿಯಲ್ಲಿ ಬರುವುದಿಲ್ಲ ಎಂದ. ಮರುಗಳಿಗೆಗೆ ಗಂಟಲು ಹಿಂಡಿಕೊಂಡು, "ನಾನು ಟುಂಯ್ ಅಮ್ಮ ಬಂದಿದೀನೀ, ಹೌದಲ್ಲಾ!" ಎಂದ. ಪದದ ಜಾಗದಲ್ಲಿ ಒಂದು ಯಂತ್ರದ ಸದ್ದು. ಯಜಮಾನ ಕೌಂಟರ್ ಗುದ್ದಿ ನಕ್ಕ. ಹೊಸ ಫ್ರೇಮೊಂದು ಗೋಡೆಯಿಂದ ಬಿತ್ತು.

ಮೊದಲಾದರೆ ಬಸ್ಸಿನಲ್ಲಿ ಆ ಮಾತು ಆಡುವವರು ಒಮ್ಮೆ ಅತ್ತಿತ್ತ ನೋಡಿಕೊಳ್ಳುತ್ತಿದ್ದರು. ಈಗ ಆ ಹೆದರಿಕೆಯೂ ಇರಲಿಲ್ಲ. ಟುಂಯ್ ಯಾವ ಭಾಷೆಯ ಬೈಗುಳವೂ ಅಲ್ಲವಲ್ಲ. ಅವತ್ತು ಸಂಜೆ ಅವಳು ಬಸ್ಸು ಹತ್ತಿದಾಗ ಅವಳು ಎಲ್ಲಿಯವಳೆಂದು ಬಲ್ಲ ಹಿಂದಿನ ಸೀಟಿನ ಹುಡುಗರು ಮುಖಕ್ಕೆ ಮುಖ ಕೊಟ್ಟೇ, ಬಾಯಿತುಂಬ, ಶುದ್ಧ ಆತ್ಮಸಾಕ್ಷಿಯಿಂದ ಟುಂಯ್ ಎಂದರು.

ನುಡಿ ಕಾವಲಿನಲ್ಲಿ ಹಬ್ಬವೋ ಹಬ್ಬ. ಪಟಾಕಿಯ ಚಿತ್ರ, ಮುಷ್ಟಿಯ ಚಿತ್ರ. ಪದ ಹೋಯಿತು! ಎಂದು ಜೋಳದಪ್ಪ ಬರೆದಿದ್ದರು. ಅವಳಿನ್ನೂ ಬಸ್ಸಿನಲ್ಲಿದ್ದಾಗಲೇ ಉಪನ್ಯಾಸಕಿ ಫೋನು ಮಾಡಿದರು.

"ಗೆದ್ವಿ ಕಣ್ರೀ! ನಿಮ್ಮಿಂದಾನೇ ಇದು ಶುರುವಾಗಿದ್ದು."

"ಜಾಹೀರಾತು ಇನ್ನೂ ಇದೆ ಮೇಡಂ. ಶನಿವಾರ ಓದಬೇಕು."

"ಅದರಲ್ಲಿ ಈಗ ಆ ಪದ ಇಲ್ವಲ್ಲ?"

"ಇಲ್ಲ. ಉಳಿದಿದ್ದೆಲ್ಲ ಇದೆ."

"ಹಂತ ಹಂತವಾಗಿ ಹೋಗೋಣ," ಎಂದರು ಉಪನ್ಯಾಸಕಿ. ಅವರಿಗೆ ಸಂದರ್ಶನವೊಂದಕ್ಕೆ ಹೊತ್ತಾಗಿತ್ತು.

ಮನೆಯಲ್ಲಿ ಅವ್ವ ರೇಡಿಯೊದ ಹಿಂಭಾಗ ಬಿಚ್ಚಿ, ಸೆಲ್ಲು ತೆಗೆದು ಸೆರಗಿನಲ್ಲಿ ಉಜ್ಜುತ್ತಿದ್ದಳು.

"ಬೆಳಗಿಂದ ಟುಂಯ್ ಟುಂಯ್ ಅಂತದೆ ಕಣೇ. ಕೆಟ್ಟೋಯ್ತೇನೋ, ಹೌದಲ್ಲಾ?"

"ಕೆಟ್ಟಿಲ್ಲವ್ವ. ಅವರೇ ಹಾಕೋ ಸದ್ದು. ಯಾವುದೋ ಪದ ತೆಗೆದಿದಾರಂತೆ."

"ಯಾವ ಪದ?"

ಮಗಳು ಬ್ಯಾಗು ಕೆಳಗಿಟ್ಟು, ಚಪ್ಪಲಿ ಸರಿಮಾಡಿ, ನೀರು ಕುಡಿದಳು. ನಿನ್ನೆ ಇಬ್ಬರು ಗಂಡಸರ ಮುಂದೆ ಸಲೀಸಾಗಿ ಬಂದಿದ್ದ ಮಾತು ಈಗ ಬರಲಿಲ್ಲ. ಅವ್ವನ ಮುಖ ನೋಡಿಕೊಂಡು ಅದನ್ನು ಹೇಳುವುದು ಹೇಗೆ? ಹೇಳಿದರೆ ಶನಿವಾರದ ವಿಷಯವನ್ನೂ ಹೇಳಬೇಕು.

"ಗೊತ್ತಿಲ್ಲ," ಎಂದಳು.

ಅವ್ವ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಸೆಲ್ಲುಗಳನ್ನು ಒಂದೊಂದಾಗಿ ವಾಪಸ್ಸು ಕೂರಿಸಿದಳು. "ರೇಡಿಯೊದ ಆ ಹೆಂಗಸಿಗೆ ನಮ್ಮ ಮಾತೇ ಬರಲ್ಲ, ಸುಮ್ಮನೆ ಎಲ್ಲದಕ್ಕೂ ಹೌದಲ್ಲಾ ಹಚ್ತಾಳೆ," ಎಂದಳು. "ಗೊತ್ತಿಲ್ದಿದ್ರೆ ಕೇಳಿದ್ರಾಯ್ತು, ಅದಕ್ಕೇನಂತೆ."

ಮಗಳು ಅದನ್ನು ಅವ್ವನ ಸಾವಿರ ಮಾತುಗಳಲ್ಲಿ ಒಂದು ಎಂದುಕೊಂಡು ಮಲಗಿದಳು.

ಶುಕ್ರವಾರ ಬೆಳಿಗ್ಗೆ ಅಂಗಡಿಯಲ್ಲಿ ಯಜಮಾನ, ಚಪ್ಪಲಿಯವನು, ಕಣ್ಣು ತೋರಿಸಲು ಬಂದ ಇಬ್ಬರು ಗಿರಾಕಿಗಳು ರೇಡಿಯೊ ಸುತ್ತ ಇದ್ದರು. ಅವಳು ಬೆಂಚಿನಲ್ಲಿ ಒಂದು ಎಡಗಣ್ಣಿನ ಮಸೂರ ಹಿಡಿದಿದ್ದಳು.

"ಟುಂಯ್ ಅಮ್ಮನ ಜತೆ ಮಾತಾಡೋಕೆ ಯಾರೋ ಲೈನಲ್ಲಿದಾರೆ! ಹಲೋ, ಯಾರಮ್ಮ?"

"ನಮಸ್ಕಾರ ಸ್ವಾಮಿ. ನಾನು ಆಚೆ ದಡದವಳು, ಹೌದಲ್ಲಾ."

ಮಸೂರ ಅವಳ ಬೆರಳಿನಿಂದ ಜಾರಿ ಬಟ್ಟೆಯ ಮೇಲೆ ಬಿತ್ತು.

ನಿರೂಪಕ ಯಾರೋ ತಮಾಷೆ ಮಾಡುತ್ತಿದ್ದಾರೆಂದುಕೊಂಡ. "ಆಹಾ, ನಮ್ಮೂರೋಳೇ ಸಿಕ್ಕಿದ್ಲೂ, ಹೌದಲ್ಲಾ!" ಎಂದು ಗಂಟಲು ಹಿಂಡಿದ.

"ನೀವು ಹಂಗೆ ಎಳೀಬೇಡಿ, ಗಂಟಲು ನೋವು ಬರ್ತದೆ," ಎಂದಿತು ಆ ದನಿ, ಕಾಯಿಲೆಯವರನ್ನು ಮಾತಾಡಿಸುವ ಹಾಗೆ. "ನಂಗೊಂದು ಸಣ್ಣ ಅನುಮಾನ ಸ್ವಾಮಿ. ಟುಂಯ್ ಅಂದ್ರೆ ಏನು?"

"ಅದು... ಅದೊಂದು ಸದ್ದು ಅಮ್ಮ. ಪದ ತೆಗೆದು ಹಾಕಿರೋದು."

"ಯಾವ ಪದ?"

"ಅದು ಒಳ್ಳೆ ಪದ ಅಲ್ಲ ಬಿಡಿ."

"ಹೌದಾ? ಮೊನ್ನೆ ತನಕ ನೀವು ದಿನಾ ಅಂತಿದ್ರಿ, ಹೌದಲ್ಲಾ. ನಂಗೆ ವಯಸ್ಸಾಯ್ತು, ಮರೆತೋಯ್ತು. ಒಂದು ಸಲ ಹೇಳಿ."

ನಿರೂಪಕ ಕೆಮ್ಮಿದ.

"ಹೇಳಿ ಸ್ವಾಮಿ. ನಾನು ಕಾಯ್ತೀನಿ."

ರೇಡಿಯೊ ಸುಮ್ಮನಾಯಿತು. ಅದು ಸುಮ್ಮನಿರುವ ಪೆಟ್ಟಿಗೆಯಲ್ಲ, ಹಾಗಾಗಿ ಅಂಗಡಿಯಲ್ಲಿದ್ದವರೆಲ್ಲ ಅದು ಕೆಟ್ಟಿತೆಂದೇ ಅದರತ್ತ ಬಗ್ಗಿದರು. ದೂರದಲ್ಲಿ, ಫೋನಿನ ತಂತಿಯಾಚೆ, ಯಾರೋ ನಿಧಾನವಾಗಿ ಉಸಿರಾಡುವುದು ಕೇಳುತ್ತಿತ್ತು. ಫಿಟಿಂಗ್‌ಗೆ ಆ ಉಸಿರು ಗೊತ್ತಿತ್ತು. ಇಷ್ಟು ವರ್ಷ ತಾನು ಹೊತ್ತು ತಿರುಗಿದ ಮೌನ ಈಗ ಬೇರೊಬ್ಬರ ಬಾಯಿಗೆ ಹೋಗಿ ಸಿಕ್ಕಿಕೊಂಡದ್ದನ್ನು ಅವಳು ಮೊದಲ ಸಲ ಕೇಳಿದಳು. ಹೊರಗಿನಿಂದ ಕೇಳಿದರೆ ಅದು ಎಷ್ಟು ದೊಡ್ಡದು!

ಸದ್ದು ನಿಂತರೆ ತಾನಾಗಿ ಹಾಡು ಹಾಕುವ ಯಂತ್ರವೊಂದು ಆ ವಾಹಿನಿಯಲ್ಲಿತ್ತು. ಯಾವುದೋ ಪ್ರೇಮಗೀತೆ ನಡುವಿನಿಂದ ಶುರುವಾಯಿತು.

ಹಾಡು ಮುಗಿದ ಮೇಲೆ ನಿರೂಪಕ ಉಸಿರು ಎಳೆದುಕೊಂಡು ಮುಂದಿನ ಕರೆ ತೆಗೆದುಕೊಂಡ. "ನಮಸ್ಕಾರ ಸ್ವಾಮಿ, ಆಚೆ ದಡದಿಂದ. ಮುಂಚೆ ಕೇಳಿದ್ಲಲ್ಲ, ಅವಳು ನನ್ನ ಜತೆ ಆಸ್ಪತ್ರೇಲಿ ಕೆಲಸ ಮಾಡಿದೋಳು. ಅವಳಿಗೆ ನೀವು ಹೇಳ್ಲಿಲ್ಲ. ನಂಗೆ ಹೇಳ್ತೀರಾ?" ಮತ್ತೆ ಮೌನ. ಮತ್ತೆ ಹಾಡು. ಮೂರನೆಯವಳು ವಾರ್ಡಿನಲ್ಲಿ ಬಟ್ಟೆ ಒಗೆಯುತ್ತಿದ್ದವಳು, ಕಿವಿ ಮಂದವಂತೆ, ಜೋರಾಗಿ ಹೇಳಬೇಕಂತೆ. ಬೆಳಗಾದರೆ ಒಬ್ಬರಿಗೊಬ್ಬರು ಹೂವಿನ ಚಿತ್ರ, ಶುಭೋದಯ ಬಿಟ್ಟು ಬೇರೇನೂ ಕಳಿಸದ ಮುದುಕಿಯರ ಗುಂಪೊಂದು ಅವ್ವನ ಫೋನಿನಲ್ಲಿತ್ತು. ಅದನ್ನು ನೋಡಿ ಮಗಳು ಎಷ್ಟೋ ಸಲ ಮೂಗು ಮುರಿದಿದ್ದಳು. ಆ ಹೂವುಗಳೆಲ್ಲ ಇವತ್ತು ಸಾಲಾಗಿ ಫೋನು ಹಿಡಿದು ನಿಂತಿದ್ದವು. ಯಾರೂ ಬೈಯಲಿಲ್ಲ, ಯಾರೂ ಅಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ, ಎಲ್ಲರೂ ಕಾಯಲು ತಯಾರು. ಅವತ್ತಿನ ಮುಂಜಾವಿನಲ್ಲಿ ಮಜಾಕ್ಕಿಂತ ಹಾಡೇ ಜಾಸ್ತಿಯಾಯಿತು.

ಗಿರಾಕಿಗಳಿಬ್ಬರೂ ಯಾಕೋ ತಮ್ಮ ಬೂಟುಗಳನ್ನು ನೋಡಿಕೊಳ್ಳುತ್ತಿದ್ದರು. ನುಡಿ ಕಾವಲಿನಲ್ಲಿ ಸಂದೇಶಗಳು ಉಕ್ಕುತ್ತಿದ್ದವು: ನಮ್ಮ ಆಂದೋಲನದ ಎರಡನೆಯ ಹಂತ ಯಶಸ್ವಿಯಾಗಿ ಆರಂಭವಾಗಿದೆ ಎಂದು ಉಪನ್ಯಾಸಕಿ. ಇನ್ನು ಮುಂದೆ ಟುಂಯ್ ಎಂದು ಬರೆದವರನ್ನೂ ಯಂತ್ರ ಹೊರಹಾಕುತ್ತದೆ ಎಂದು ಜೋಳದಪ್ಪ, ಹಾಗೆ ಬರೆದದ್ದಕ್ಕೆ ಯಂತ್ರ ಜೋಳದಪ್ಪನನ್ನು ಹೊರಹಾಕಿದ ಸುದ್ದಿ ಅದರ ಕೆಳಗೆ.

ಯಜಮಾನ ಬೆಂಚಿನ ಬಳಿ ಬಂದ. ನಗಲೋ ಬೇಡವೋ ಎಂದು ಅವನ ಮುಖ ಇನ್ನೂ ತೀರ್ಮಾನಿಸಿರಲಿಲ್ಲ. "ಆ ಮೊದಲನೇ ದನಿ ನಿಮ್ಮಮ್ಮನ ಥರಾನೇ ಇತ್ತಲ್ಲ ಫಿಟಿಂಗ್?"

"ನಮ್ಮವ್ವನೇ ಅದು."

"ಭಲೇ! ಹಂಗಾದ್ರೆ ನಾಳೆ..."

"ನಾಳೆ ನಾನು ಓದಲ್ಲ ಸಾರ್."

"ಏನಂದೆ?"

"ಅದನ್ನ ನಾನು ಓದಲ್ಲ."

"ಸೋಮವಾರ ಒಪ್ಕೊಂಡಿದ್ದೆಯಲ್ಲಮ್ಮ!"

"ಒಪ್ಕೊಂಡಿರ್ಲಿಲ್ಲ. ಸುಮ್ನಿದ್ದೆ."

"ಸುಮ್ನಿದ್ರೆ ಏನರ್ಥ ಮತ್ತೆ?"

"ನೀವು ಕೇಳ್ಲೇ ಇಲ್ಲ, ಹೌದಲ್ಲಾ," ಎಂದಳು. ಕತ್ತರಿಸಿ ಎಸೆದಿದ್ದ ಬಾಲ ತಾನಾಗಿ ಬಂದು ಮಾತಿಗೆ ಅಂಟಿಕೊಂಡಿತ್ತು. ಅವಳು ಅದನ್ನು ತೆಗೆಯಲು ಹೋಗಲಿಲ್ಲ. ಕೆಲಸ ಹೋದರೂ ಹೋಯಿತು ಎಂದು ಮನಸ್ಸು ಹೇಳಿತು. ಬಾಯಿ ಅದಕ್ಕಿಂತ ಮುಂದಿತ್ತು. "ಬೇಕಾದ್ರೆ ಬೇರೆಯವರ ಹತ್ರ ಓದ್ಸಿ. ಅದಕ್ಕೆ ಮೊದಲು ನಮ್ಮವ್ವ ಊಟ ತರ್ತಾಳೆ ಮಧ್ಯಾಹ್ನ. ಅದೇನು ಪದ ಅಂತ ನೀವೇ ಅವಳಿಗೆ ಹೇಳಿಬಿಡಿ. ನನಗಂತೂ ಹೇಳೋಕಾಗ್ಲಿಲ್ಲ. ಪ್ರೀತಿಯಿಂದ ಅನ್ನೋದು ಅಂದ್ರಲ್ಲ, ನಿಮಗೆ ಸುಲಭ ಆಗ್ಬಹುದು."

ಚಪ್ಪಲಿಯವನು ತನ್ನ ಅಂಗಡಿ ನೆನಪಾಗಿ ಮೆಲ್ಲಗೆ ಜಾಗ ಖಾಲಿ ಮಾಡಿದ.

ಮಧ್ಯಾಹ್ನ ಅವ್ವ ಬಂದಳು. ಡಬ್ಬಿಯನ್ನು ಮಗಳ ಬೆಂಚಿನ ಮೇಲಿಟ್ಟು, ಎಂದಿನಂತೆ ಹೊರಟು ಹೋಗದೆ, ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ಎದುರಿಗೆ, ಅಕ್ಷರಗಳು ದೊಡ್ಡದರಿಂದ ಸಣ್ಣದಾಗುತ್ತ ಹೋಗುವ ಫಲಕದ ಕೆಳಗೆ, ಯಜಮಾನ ನಿಂತಿದ್ದ.

"ಯಜಮಾನ್ರೇ, ನಿಮಗಾದ್ರೂ ಗೊತ್ತಿರ್ಬೇಕು. ನೀವು ದಿನಾ ಕೇಳಿ ನಗ್ತೀರಂತಲ್ಲ. ಅದೇನದು ಪದ?"

"ನಂಗೆ... ನಂಗೆ ಗೊತ್ತಿಲ್ಲಮ್ಮ."

"ಗೊತ್ತಿಲ್ದೇನೇ ನಕ್ರಾ ಇಷ್ಟು ದಿನ?" ಅವ್ವ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಶಿವನೇ, ಇಡೀ ಊರಲ್ಲಿ ಒಬ್ಬರಿಗೂ ಗೊತ್ತಿಲ್ವಲ್ಲ."

ಮಗಳು ಅವ್ವನ ಮುಖ ನೋಡಿದಳು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ, ಬಗ್ಗಿ ನೆಲ ಒರೆಸುತ್ತ, ಆ ಪದವನ್ನು ಬೆನ್ನ ಮೇಲೆ ಹೊತ್ತವಳ ಮುಖ. ಅಲ್ಲಿ ಸಿಟ್ಟಿರಲಿಲ್ಲ. ಮಗಳಿಗೆ ಪರಿಚಯವಿಲ್ಲದ ಒಂದು ತುಂಟತನವಿತ್ತು, ಅದರ ಕೆಳಗೆ ಇನ್ನೇನೋ ಇತ್ತು, ಅದನ್ನು ಅವಳು ಬಹಳ ಹೊತ್ತು ನೋಡಲಾರದೆ ಹೋದಳು.

"ಪರವಾಗಿಲ್ಲ," ಎಂದಳು ಅವ್ವ. "ನೆನಪಾಗೋ ತನಕ ಕೂತಿರ್ತೀನಿ. ನಂಗೇನು ಕೆಲಸ."

ಯಜಮಾನ ಕೌಂಟರಿನ ಗಾಜು ಒರೆಸಿದ. ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ಕೊನೆಗೆ ಫೋನೆತ್ತಿ ರೇಡಿಯೊದವರ ನಂಬರು ಒತ್ತಿ, ಬೆನ್ನು ತಿರುಗಿಸಿಕೊಂಡು ತಗ್ಗಿದ ದನಿಯಲ್ಲಿ, "ನಾಳೇದು ಬೇಡ. ಹೂಂ, ಆ ಜಾಹೀರಾತು ಪೂರ್ತಿ ಬೇಡ," ಎಂದ. ಆ ಕಡೆಯವರು ಯಾಕೆಂದು ಕೇಳಿರಬೇಕು.

"ಯಾಕಂದ್ರೆ..." ಎಂದ. ತಿರುಗಿ ಕುರ್ಚಿಯ ಕಡೆ ನೋಡಿದ. "ಯಾಕಂದ್ರೆ ಅದರಲ್ಲಿ..."

ಫೋನಿನಾಚೆ ಯಾರೋ ಹಲೋ, ಹಲೋ ಎನ್ನುತ್ತಿದ್ದರು. ಅವ್ವ ಮಡಿಲಲ್ಲಿ ಕೈ ಜೋಡಿಸಿಕೊಂಡು, ಯಾವ ಅವಸರವೂ ಇಲ್ಲದೆ ಕಾಯುತ್ತಿದ್ದಳು.